ನೋಡಿದ ಮೇಲೆ ಆಡುವ ಮಾತು: ಕೆಲಸದ ಸ್ಥಳದಲ್ಲಿ ಮೆಚ್ಚುಗೆ ಸೂಚಿಸುವ ಬಗೆ

ಮೊದಲ ಬಾರಿಗೆ ಒಂದು ತಂಡದ ಹೊಣೆ ನನ್ನ ಹೆಗಲಿಗೆ ಬಂದಿದ್ದ ದಿನಗಳಲ್ಲಿ, ಒಂದು ಬೆಳಿಗ್ಗೆ ಸಹೋದ್ಯೋಗಿಯೊಬ್ಬರ ಮೇಜಿನ ಬಳಿ ನಿಂತು, “ಆ ವರದಿ ಬಹಳ ಚೆನ್ನಾಗಿ ಬಂದಿದೆ, ನೋಡಿ ಸಂತೋಷವಾಯಿತು” ಎಂದೆ. ಅವರು ಒಂದು ಕ್ಷಣ ತಡೆದು, “ಅದನ್ನು ಮಾಡಿದ್ದು ನಾನಲ್ಲ” ಎಂದರು. ನಿಜವಾಗಿ ಅದನ್ನು ಸಿದ್ಧಪಡಿಸಿದವರು ಎರಡು ಮೇಜುಗಳಾಚೆ ಕುಳಿತಿದ್ದರು. ನನ್ನ ಮಾತು ಅವರ ಕಿವಿಗೂ ಬಿದ್ದಿತ್ತು. ಹೊಗಳಬೇಕೆಂಬ ಮನಸ್ಸು ನನ್ನಲ್ಲಿತ್ತು, ಆದರೆ ಯಾರು ಏನು ಮಾಡುತ್ತಿದ್ದಾರೆಂದು ನೋಡುವ ಅಭ್ಯಾಸ ಇರಲಿಲ್ಲ. ಮೆಚ್ಚುಗೆಯ ಬಗ್ಗೆ ಸಿಗುವ ಸಲಹೆಗಳು ಹೆಚ್ಚಾಗಿ ಯಾವ ಮಾತು ಆಡಬೇಕು, ಯಾವ ಉಡುಗೊರೆ ಕೊಡಬೇಕು ಎಂಬಲ್ಲಿಂದ ಶುರುವಾಗುತ್ತವೆ. ನನ್ನ ಅನುಭವದಲ್ಲಿ ಅದು ಎರಡನೆಯ ಹಂತ. ಮೊದಲನೆಯದು ಕೆಲಸವನ್ನು ಕಣ್ಣಿಟ್ಟು ನೋಡುವುದು. ಅದು ಕೈಗೂಡಿದರೆ ಆಡಬೇಕಾದ ಮಾತು ಬಹುಮಟ್ಟಿಗೆ ತಾನಾಗಿಯೇ ಹೊಳೆಯುತ್ತದೆ. ಕೈಗೂಡದಿದ್ದರೆ ಎಷ್ಟೇ ಚಂದದ ಮಾತೂ ಕಾಟಾಚಾರವಾಗಿ ಕೇಳಿಸುತ್ತದೆ.

ಒಂದು ಮಾತಿಗೆ ಇಷ್ಟು ಬಲ ಏಕೆ

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಅವರ ಸಂಗಡಿಗರು ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಎಂಜಿನಿಯರುಗಳನ್ನೂ ಅಕೌಂಟೆಂಟ್‌ಗಳನ್ನೂ ಸಂದರ್ಶಿಸಿ, ಕೆಲಸದಲ್ಲಿ ಅತಿ ಹೆಚ್ಚು ಸಂತೋಷಪಟ್ಟ ಮತ್ತು ಅತಿ ಹೆಚ್ಚು ಬೇಸರಪಟ್ಟ ಸಂದರ್ಭಗಳನ್ನು ವಿವರಿಸುವಂತೆ ಕೇಳಿದರು. 1959ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ಸಂತೋಷದ ನೆನಪುಗಳಲ್ಲಿ ಮತ್ತೆ ಮತ್ತೆ ಬಂದವು ಒಂದು ಕೆಲಸವನ್ನು ಸಾಧಿಸಿದ ತೃಪ್ತಿ ಮತ್ತು ಆ ಸಾಧನೆಯನ್ನು ಇನ್ನೊಬ್ಬರು ಗುರುತಿಸಿದ ಘಳಿಗೆ. ಬೇಸರದ ನೆನಪುಗಳಲ್ಲಿ ಎದ್ದು ಕಂಡವು ಸಂಸ್ಥೆಯ ನೀತಿ, ಮೇಲ್ವಿಚಾರಣೆಯ ರೀತಿ, ಸಂಬಳ ಮೊದಲಾದವು. ಅವರ ವಿಧಾನದ ಬಗ್ಗೆ ಮುಂದೆ ಸಾಕಷ್ಟು ಟೀಕೆ ಬಂದಿದೆ, ಏಕೆಂದರೆ ಗೆಲುವನ್ನು ತಮಗೂ ಸೋಲನ್ನು ಸುತ್ತಲಿನ ಪರಿಸ್ಥಿತಿಗೂ ಹಚ್ಚುವುದು ಮನುಷ್ಯರ ಸಹಜ ಸ್ವಭಾವ. ಆದರೂ ಬೇಸರ ಹುಟ್ಟಿಸುವ ಕಾರಣಗಳನ್ನು ತೆಗೆದುಹಾಕಿದ ಮಾತ್ರಕ್ಕೆ ಹುರುಪು ಹುಟ್ಟುವುದಿಲ್ಲ ಎಂಬ ಅವರ ಮುಖ್ಯ ಮಾತು, ತಂಡ ನಡೆಸಿದ ಯಾರಿಗಾದರೂ ಪರಿಚಿತವಾದದ್ದೇ.

ಇನ್ನೊಂದು ಪ್ರಯೋಗ ಇದಕ್ಕಿಂತ ನೇರವಾದದ್ದು. ಆಡಮ್ ಗ್ರಾಂಟ್ ಮತ್ತು ಫ್ರಾನ್ಸೆಸ್ಕಾ ಜೀನೊ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಿಶ್ವವಿದ್ಯಾಲಯವೊಂದಕ್ಕೆ ದೇಣಿಗೆ ಕೇಳಲು ಫೋನ್ ಮಾಡುವ ಸಿಬ್ಬಂದಿಯನ್ನು ಎರಡು ಗುಂಪು ಮಾಡಲಾಯಿತು. ಅವರದು ನಿಗದಿತ ಸಂಬಳ. ಎಷ್ಟು ಕರೆ ಮಾಡಿದರೂ ಹಣ ಅಷ್ಟೇ. ಒಂದು ಗುಂಪಿನ ಬಳಿಗೆ ವಿಭಾಗದ ನಿರ್ದೇಶಕರು ಖುದ್ದಾಗಿ ಬಂದು, ಅವರ ಶ್ರಮಕ್ಕೆ ತಾವು ಕೃತಜ್ಞರೆಂದು ಕೆಲವೇ ಮಾತುಗಳಲ್ಲಿ ಹೇಳಿ ಹೋದರು. ಮುಂದಿನ ವಾರ ಆ ಗುಂಪು ಮಾಡಿದ ಕರೆಗಳ ಸಂಖ್ಯೆ ಶೇಕಡಾ 50ಕ್ಕೂ ಹೆಚ್ಚು ಏರಿತು. ಇನ್ನೊಂದು ಗುಂಪಿನಲ್ಲಿ ಅಂಥ ಏರಿಕೆ ಕಾಣಲಿಲ್ಲ. ಸಂಶೋಧಕರು ಗುರುತಿಸಿದ ಕಾರಣ ಗಮನಾರ್ಹವಾಗಿದೆ: ಸಿಬ್ಬಂದಿಗೆ “ನಾನು ಸಮರ್ಥ” ಎನಿಸಿದ್ದಕ್ಕಿಂತ ಹೆಚ್ಚಾಗಿ, “ನಾನು ಇಲ್ಲಿ ಬೇಕಾದವನು, ಬೇಕಾದವಳು” ಎಂಬ ಭಾವನೆ ಬಂದದ್ದೇ ಕೆಲಸ ಮಾಡಿತ್ತು.

ಹಾಗಿದ್ದೂ ನಾವು ಏಕೆ ಹಿಂಜರಿಯುತ್ತೇವೆ? ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಇದಕ್ಕೆ ಒಂದು ಉತ್ತರ ಕೊಟ್ಟರು. ಕೃತಜ್ಞತೆಯ ಪತ್ರ ಬರೆದವರು, ಅದು ಓದುವವರಿಗೆ ಎಷ್ಟು ಸಂತೋಷ ಕೊಡಬಹುದೆಂಬುದನ್ನು ಕಡಿಮೆಯಾಗಿ ಅಂದಾಜಿಸಿದ್ದರು, ಎಷ್ಟು ಮುಜುಗರ ತರಬಹುದೆಂಬುದನ್ನು ಹೆಚ್ಚಾಗಿ ಅಂದಾಜಿಸಿದ್ದರು. ಬರೆಯುವವರ ಚಿಂತೆಯೆಲ್ಲ ಪದಗಳು ಸರಿಯಾಗಿ ಕೂಡಿಬಂದಿವೆಯೇ ಎಂಬುದರ ಸುತ್ತ ಇರುತ್ತದೆ. ಓದುವವರು ಅದರಲ್ಲಿ ಹುಡುಕುವುದು ಆತ್ಮೀಯತೆಯನ್ನು. ಮಾತು ಪರಿಪೂರ್ಣವಾಗಲಿ ಎಂದು ಕಾಯುತ್ತ ಕುಳಿತು ಹೇಳದೇ ಉಳಿದ ಮೆಚ್ಚುಗೆಗಳೆಷ್ಟೋ.

ಮೊದಲು ನೋಡುವುದನ್ನು ಕಲಿಯಿರಿ

ಡಗ್ಲಸ್ ಕೊನಾಂಟ್ ಅವರು 2001ರಿಂದ 2011ರವರೆಗೆ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಮುಖ್ಯಸ್ಥರಾಗಿದ್ದಾಗ ಸಿಬ್ಬಂದಿಗೆ ಕೈಯಾರೆ ಬರೆದ ಕೃತಜ್ಞತಾ ಚೀಟಿಗಳು 30,000ಕ್ಕೂ ಹೆಚ್ಚು. ಈ ಸಂಖ್ಯೆಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅದರ ಹಿಂದಿನ ಕ್ರಮ: ಕಂಪನಿಯಲ್ಲಿ ಎಲ್ಲಿ ಯಾರು ಒಳ್ಳೆಯ ಕೆಲಸ ಮಾಡಿದ್ದಾರೆಂಬ ಸುದ್ದಿಯನ್ನು ಹುಡುಕಲೆಂದೇ ಅವರೂ ಅವರ ಸಹಾಯಕರೂ ದಿನದ ಒಂದಿಷ್ಟು ಹೊತ್ತನ್ನು ಮೀಸಲಿಡುತ್ತಿದ್ದರು. ಚೀಟಿ ಬರೆಯುವುದು ಕೆಲವು ನಿಮಿಷಗಳ ಕೆಲಸ, ಆದರೆ ಏನು ಬರೆಯಬೇಕೆಂದು ತಿಳಿಯಲು ಹುಡುಕಾಟ ಬೇಕು.

ನೀವು ಒಂದು ಸಣ್ಣ ಪುಸ್ತಕವನ್ನೋ ಫೋನಿನಲ್ಲಿ ಒಂದು ಪುಟವನ್ನೋ ಇದಕ್ಕೆಂದೇ ತೆಗೆದಿಡಿ. ನಿಮ್ಮ ಜೊತೆ ಕೆಲಸ ಮಾಡುವ ಪ್ರತಿಯೊಬ್ಬರ ಹೆಸರಿನ ಕೆಳಗೆ, ಆ ವಾರ ನೀವು ಕಣ್ಣಾರೆ ಕಂಡ ಅಥವಾ ಖಚಿತವಾಗಿ ತಿಳಿದ ಒಂದು ಕೆಲಸವನ್ನು ದಿನಾಂಕದೊಡನೆ ಬರೆಯಿರಿ. “ಶ್ರದ್ಧೆಯಿಂದ ದುಡಿಯುತ್ತಾರೆ” ಎಂಬಂಥ ಮಾತು ಬೇಡ. “ಗ್ರಾಹಕರ ಎರಡು ದೂರುಗಳಿಗೂ ಒಂದೇ ಮೂಲ ಎಂದು ಬುಧವಾರ ಪತ್ತೆ ಹಚ್ಚಿದರು” ಎಂಬಂಥ ಮಾತು ಬೇಕು. ಮೂರು ನಾಲ್ಕು ವಾರ ಕಳೆದ ಮೇಲೆ ಆ ಪುಟಗಳನ್ನು ತಿರುವಿ ಹಾಕಿದರೆ, ಕೆಲವು ಹೆಸರುಗಳ ಕೆಳಗೆ ಸಾಲು ಸಾಲು ಟಿಪ್ಪಣಿಗಳೂ ಕೆಲವು ಹೆಸರುಗಳ ಕೆಳಗೆ ಬರಿದಾದ ಜಾಗವೂ ಕಾಣುತ್ತದೆ. ಆ ಬರಿದಾದ ಜಾಗವನ್ನು ಅವರ ಸೋಮಾರಿತನದ ಪುರಾವೆ ಎಂದು ಕೂಡಲೇ ತೀರ್ಮಾನಿಸಬೇಡಿ. ಅದು ಹೆಚ್ಚಿನ ವೇಳೆ ನಿಮ್ಮ ಕಣ್ಣು ಎಲ್ಲಿ ಹಾಯುತ್ತಿಲ್ಲ ಎಂಬುದರ ಗುರುತು.

ಕೆಲವು ಬಗೆಯ ಕೆಲಸ ಸ್ವಭಾವತಃ ಎಲೆಮರೆಯ ಕಾಯಿ. ಅನಾಹುತವೊಂದು ಆಗದಂತೆ ನೋಡಿಕೊಂಡವರ ಕೆಲಸಕ್ಕೆ ತೋರಿಸಲು ಯಾವ ಗುರುತೂ ಇರುವುದಿಲ್ಲ. ಬೆಂಕಿ ಬಿದ್ದ ಮೇಲೆ ಆರಿಸಿದವರಿಗೆ ಚಪ್ಪಾಳೆ ಸಿಗುತ್ತದೆ, ಕಿಡಿ ಬೀಳದಂತೆ ಕಾದವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಮುಂದಿನ ಪಾಳಿಯವರಿಗೆ ಎಲ್ಲವನ್ನೂ ಸರಿಯಾಗಿ ಬರೆದಿಟ್ಟು ಹೋಗುವವರು, ಹೊಸಬರ ಪಕ್ಕ ಕುಳಿತು ಕೆಲಸ ಕಲಿಸುವವರು, ಸಭೆಯಲ್ಲಿ ಎಲ್ಲರಿಗೂ ಇಷ್ಟವಿಲ್ಲದ ಆದರೆ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳುವವರು, ಹಳೆಯ ಕಡತಗಳನ್ನು ಕ್ರಮವಾಗಿ ಇಡುವವರು, ರಾತ್ರಿ ಪಾಳಿಯವರು, ಮನೆಯಿಂದಲೇ ಕೆಲಸ ಮಾಡುವವರು, ಸ್ವಚ್ಛತೆ ಮತ್ತು ಭದ್ರತೆಯ ಸಿಬ್ಬಂದಿ, ಇವರೆಲ್ಲ ಈ ಸಾಲಿನವರು. ಸಭೆಯ ಟಿಪ್ಪಣಿ ಬರೆಯುವುದು, ಬೀಳ್ಕೊಡುಗೆಯ ಏರ್ಪಾಡು ಮಾಡುವುದು, ಮುನಿಸಿಕೊಂಡ ಇಬ್ಬರನ್ನು ಸಮಾಧಾನಪಡಿಸುವುದು ಮುಂತಾದ ಕೆಲಸಗಳು ಅನೇಕ ಕಡೆ ಹೆಣ್ಣುಮಕ್ಕಳ ಪಾಲಿಗೇ ಬಂದು, ಕೆಲಸವೆಂದೇ ಲೆಕ್ಕಕ್ಕೆ ಸಿಗದೆ ಹೋಗುತ್ತವೆ. ಅವಕ್ಕೆ ಧನ್ಯವಾದ ಹೇಳಿದರಷ್ಟೇ ಸಾಲದು, ಅವನ್ನು ಸರದಿಯಂತೆ ಎಲ್ಲರಿಗೂ ಹಂಚುವುದೂ ಮೆಚ್ಚುಗೆಯ ಭಾಗವೇ.

ನಿಮ್ಮ ಎರಡು ಕಣ್ಣಿಗೆ ಎಲ್ಲವೂ ಕಾಣುವುದಿಲ್ಲ. ಆದ್ದರಿಂದ ಜನರೊಡನೆ ಮಾತನಾಡುವಾಗ “ಈ ವಾರ ನಿಮಗೆ ಯಾರಿಂದ ಅನುಕೂಲವಾಯಿತು?” ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ. ನಾನು ಈ ಒಂದು ಪ್ರಶ್ನೆಯಿಂದ ತಿಳಿದುಕೊಂಡಷ್ಟನ್ನು ಯಾವ ಪ್ರಗತಿ ವರದಿಯಿಂದಲೂ ತಿಳಿದುಕೊಂಡಿಲ್ಲ. ಹೀಗೆ ತಿಳಿದದ್ದನ್ನು ಸಂಬಂಧಪಟ್ಟವರಿಗೆ ಮುಟ್ಟಿಸುವಾಗ, ಹೇಳಿದವರ ಹೆಸರನ್ನೂ ಅವರ ಒಪ್ಪಿಗೆ ಪಡೆದು ಸೇರಿಸಿ. ತನ್ನ ಬೆನ್ನ ಹಿಂದೆ ಒಬ್ಬರು ಒಳ್ಳೆಯ ಮಾತಾಡಿದ್ದಾರೆ ಎಂದು ತಿಳಿಯುವ ಸಂತೋಷವೇ ಬೇರೆ.

ಏನನ್ನು, ಹೇಗೆ ಹೇಳಬೇಕು

“ಗುಡ್ ಜಾಬ್”, “ಸೂಪರ್”, “ಚೆನ್ನಾಗಿ ಮಾಡಿದಿರಿ” ಎಂಬ ಮಾತುಗಳಲ್ಲಿ ತಪ್ಪೇನಿಲ್ಲ, ಆದರೆ ಅವು ಯಾರಿಗೆ ಬೇಕಾದರೂ ಒಪ್ಪುವ ಮಾತುಗಳಾದ್ದರಿಂದ ಯಾರಿಗೂ ತಮ್ಮದೆನಿಸುವುದಿಲ್ಲ. ಮನಸ್ಸಿನಲ್ಲಿ ನಿಲ್ಲುವ ಮೆಚ್ಚುಗೆಯಲ್ಲಿ ಸಾಮಾನ್ಯವಾಗಿ ಮೂರು ಅಂಶಗಳಿರುತ್ತವೆ: ಅವರು ನಿರ್ದಿಷ್ಟವಾಗಿ ಏನು ಮಾಡಿದರು, ಅದರಲ್ಲಿ ಕಷ್ಟವಾದದ್ದು ಯಾವುದು, ಅದರಿಂದ ಯಾರಿಗೆ ಏನು ಅನುಕೂಲವಾಯಿತು. “ನಿನ್ನೆಯ ಸಭೆಯಲ್ಲಿ ಲೆಕ್ಕ ತಾಳೆಯಾಗುತ್ತಿಲ್ಲ ಎಂದು ನೀವು ತಡೆದು ಹೇಳಿದಿರಿ. ಎಲ್ಲರೂ ಒಪ್ಪಿ ಮುಗಿಸುವ ಹೊತ್ತಿನಲ್ಲಿ ಹಾಗೆ ಹೇಳುವುದು ಸುಲಭವಲ್ಲ. ನೀವು ಹೇಳದಿದ್ದರೆ ನಾವು ತಪ್ಪು ಅಂಕಿಯನ್ನೇ ಗ್ರಾಹಕರಿಗೆ ಕಳಿಸಿಬಿಡುತ್ತಿದ್ದೆವು.” ಇಂಥ ನಾಲ್ಕು ಸಾಲು ಕೇಳಿದವರಿಗೆ, ತಾನು ಮಾಡಿದ್ದರಲ್ಲಿ ಯಾವುದು ಬೆಲೆಯುಳ್ಳದ್ದು ಎಂಬುದು ಸ್ಪಷ್ಟವಾಗುತ್ತದೆ, ಮುಂದಿನ ಸಲವೂ ಹಾಗೆ ತಡೆದು ಹೇಳುವ ಧೈರ್ಯ ಬರುತ್ತದೆ.

ಮೂರರಲ್ಲಿ ಎರಡನೆಯದನ್ನು, ಅಂದರೆ ಕಷ್ಟವನ್ನು ಗುರುತಿಸುವುದನ್ನು, ನಾವು ಹೆಚ್ಚಾಗಿ ಬಿಟ್ಟುಬಿಡುತ್ತೇವೆ. ಫಲಿತಾಂಶ ಎಲ್ಲರಿಗೂ ಕಾಣುತ್ತದೆ. ಅದರ ಹಿಂದೆ ಮೂರು ಸಲ ಕೆಡವಿ ಕಟ್ಟಿದ ಶ್ರಮ ಮಾಡಿದವರಿಗೆ ಮಾತ್ರ ಗೊತ್ತಿರುತ್ತದೆ. ಆ ಶ್ರಮ ನಿಮಗೂ ಗೊತ್ತು ಎಂದು ತಿಳಿದ ಕೂಡಲೇ ಎದುರಿನವರ ಮುಖಭಾವ ಬದಲಾಗುವುದನ್ನು ನೀವೇ ಗಮನಿಸಬಹುದು. ಕಷ್ಟ ಯಾವುದೆಂದು ತಿಳಿಯದಿದ್ದರೆ ಊಹಿಸಿ ಹೇಳುವುದಕ್ಕಿಂತ, “ಇದರಲ್ಲಿ ಹೆಚ್ಚು ತಲೆನೋವು ಕೊಟ್ಟದ್ದು ಯಾವುದು?” ಎಂದು ಕೇಳಿ, ಅವರು ಹೇಳುವುದನ್ನು ಕೊನೆಯವರೆಗೂ ಆಲಿಸಿ. ಆ ಹತ್ತು ನಿಮಿಷದ ಆಲಿಸುವಿಕೆ ಹಲವು ಬಾರಿ ಹೊಗಳಿಕೆಗಿಂತ ಹೆಚ್ಚಿನದು.

ವ್ಯಕ್ತಿಯ ಜಾಣತನಕ್ಕಿಂತ ಅವರು ಕೆಲಸ ಮಾಡಿದ ರೀತಿಯನ್ನು ಮೆಚ್ಚುವುದು ಒಳ್ಳೆಯದು. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬುದ್ಧಿವಂತಿಕೆಗಾಗಿ ಹೊಗಳಿಸಿಕೊಂಡ ಮಕ್ಕಳು ಮುಂದೆ ಕಠಿಣ ಸಮಸ್ಯೆ ಎದುರಾಗಿ ಎಡವಿದಾಗ, ಪ್ರಯತ್ನಕ್ಕಾಗಿ ಹೊಗಳಿಸಿಕೊಂಡವರಿಗಿಂತ ಬೇಗ ಕೈಬಿಟ್ಟರು. ಅದು ಮಕ್ಕಳ ಮೇಲೆ ನಡೆದ ಅಧ್ಯಯನ, ದೊಡ್ಡವರಿಗೆ ಅದನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಆದರೂ “ನೀವು ಎಂದೂ ತಪ್ಪು ಮಾಡುವವರಲ್ಲ” ಎಂಬ ಹೊಗಳಿಕೆ ಹೊತ್ತವರು ಮುಂದೆ ಒಂದು ತಪ್ಪಾದಾಗ ಅದನ್ನು ಮುಚ್ಚಿಡಲು ಒದ್ದಾಡುವುದನ್ನು ನಾನು ಕೆಲಸದ ಸ್ಥಳದಲ್ಲಿ ಕಂಡಿದ್ದೇನೆ.

ಮೆಚ್ಚುಗೆಯ ಬಾಲಕ್ಕೆ ಇನ್ನೇನನ್ನೂ ಕಟ್ಟಬೇಡಿ. “ಚೆನ್ನಾಗಿದೆ, ಆದರೆ…” ಎಂದು ಶುರುವಾದ ವಾಕ್ಯದಲ್ಲಿ ಕೇಳುಗರಿಗೆ “ಆದರೆ”ಯ ನಂತರದ್ದು ಮಾತ್ರ ಉಳಿಯುತ್ತದೆ. ತಿದ್ದಬೇಕಾದದ್ದು ಇದ್ದರೆ ಬೇರೊಂದು ಹೊತ್ತಿನಲ್ಲಿ ನೇರವಾಗಿ ಹೇಳಿ, ಅದನ್ನು ಹೊಗಳಿಕೆಗಳ ನಡುವೆ ಹುದುಗಿಸಿ ಹೇಳುವ ಪದ್ಧತಿಯನ್ನು ಕೈಬಿಡಿ. ಏಕೆಂದರೆ ಕೆಲವು ದಿನಗಳಲ್ಲೇ ಜನ ನಿಮ್ಮ ಹೊಗಳಿಕೆಯನ್ನು ಮುಂದೆ ಬರಲಿರುವ ಟೀಕೆಯ ಮುನ್ಸೂಚನೆ ಎಂದು ತಿಳಿಯಲು ಆರಂಭಿಸುತ್ತಾರೆ. ಹೊಗಳಿದ ಬೆನ್ನಿಗೇ “ಹಾಗಾದರೆ ಇದನ್ನೂ ನೀವೇ ಮಾಡಿಬಿಡಿ” ಎಂದು ಇನ್ನೊಂದು ಕೆಲಸ ಹೊರಿಸುವುದು ಇದಕ್ಕಿಂತ ಕೆಟ್ಟದ್ದು. ಒಬ್ಬರನ್ನು ಮೆಚ್ಚುವಾಗ ಇನ್ನೊಬ್ಬರ ಹೋಲಿಕೆಯೂ ಬೇಡ.

ಯಾವಾಗ, ಎಲ್ಲಿ

ಕಂಡ ದಿನವೇ, ತಪ್ಪಿದರೆ ಆ ವಾರದೊಳಗೆ ಹೇಳಿ. ವರ್ಷಾಂತ್ಯದ ಮೌಲ್ಯಮಾಪನದವರೆಗೆ ಕೂಡಿಟ್ಟರೆ ವಿವರಗಳು ಮಾಸಿಹೋಗುತ್ತವೆ, ಸಂಬಳ ಮತ್ತು ಬಡ್ತಿಯ ಮಾತಿನೊಡನೆ ಬೆರೆತು ಅದಕ್ಕೆ ವ್ಯವಹಾರದ ಬಣ್ಣ ಬರುತ್ತದೆ. ಕೆಲಸ ಮುಗಿಯಲೇಬೇಕೆಂದೂ ಕಾಯಬೇಕಿಲ್ಲ. ತೆರೆಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ ಏಳು ಕಂಪನಿಗಳ 238 ಮಂದಿಯಿಂದ ದಿನಚರಿ ಬರೆಯಿಸಿ, ಸುಮಾರು 12,000 ಬರಹಗಳನ್ನು ಪರಿಶೀಲಿಸಿದಾಗ, ಜನರ ದಿನವನ್ನು ಉಲ್ಲಾಸಗೊಳಿಸುವುದರಲ್ಲಿ ಎಲ್ಲಕ್ಕಿಂತ ಮೊದಲು ನಿಂತದ್ದು, ತಮಗೆ ಅರ್ಥಪೂರ್ಣವೆನಿಸುವ ಕೆಲಸದಲ್ಲಿ ಆ ದಿನ ಒಂದಿಷ್ಟು ಮುಂದಕ್ಕೆ ಹೋದೆವೆಂಬ ಅರಿವು. ಎಂಟು ತಿಂಗಳು ನಡೆಯುವ ಕೆಲಸದಲ್ಲಿ ಮೂರನೆಯ ತಿಂಗಳ ಸಣ್ಣ ಮುನ್ನಡೆಯನ್ನು ಗುರುತಿಸುವವರು ಬೇಕಾಗುವುದು ಇದಕ್ಕೇ.

ಸೋತ ಕೆಲಸದ ಬಗೆಗೂ ಒಂದು ಮಾತು. ಟೆಂಡರ್ ಕೈತಪ್ಪಿತು, ಯೋಜನೆಯನ್ನು ಮೇಲಿನವರು ನಿಲ್ಲಿಸಿದರು, ಗ್ರಾಹಕರು ಒಪ್ಪಲಿಲ್ಲ. ಅಂಥ ದಿನ ಎಲ್ಲರೂ ಮೌನವಾಗಿ ಮನೆಗೆ ಹೋಗುತ್ತಾರೆ. ಅದರಲ್ಲಿ ಚೆನ್ನಾಗಿ ನಡೆದ ಭಾಗ ಯಾವುದಾದರೂ ಇದ್ದರೆ ಅದನ್ನು ಆ ದಿನವೇ ಹೆಸರು ಹಿಡಿದು ಹೇಳಿ. ಗೆದ್ದಾಗ ಹೇಳಲು ನೂರು ಬಾಯಿ ಇರುತ್ತವೆ.

ಎಲ್ಲರೆದುರು ಹೇಳಬೇಕೋ ಒಬ್ಬರೇ ಇದ್ದಾಗ ಹೇಳಬೇಕೋ ಎಂಬುದಕ್ಕೆ ಎಲ್ಲರಿಗೂ ಒಂದೇ ನಿಯಮವಿಲ್ಲ. ಸಭೆಯಲ್ಲಿ ನಿಂತು ಚಪ್ಪಾಳೆ ಪಡೆಯುವುದು ಕೆಲವರಿಗೆ ಹಬ್ಬ, ಕೆಲವರಿಗೆ ಶಿಕ್ಷೆ. ಜೊತೆಗೆ ಕೆಲಸ ಶುರುಮಾಡುವಾಗಲೇ “ನಿಮ್ಮ ಕೆಲಸದ ಬಗ್ಗೆ ಒಳ್ಳೆಯದು ಹೇಳುವುದಿದ್ದರೆ ಹೇಗೆ ಹೇಳಿದರೆ ನಿಮಗೆ ಇಷ್ಟ?” ಎಂದು ಕೇಳಿಬಿಡಿ. ಬರೆದು ಕಳಿಸುವುದಾದರೆ, ಆ ಇಮೇಲನ್ನು ಅವರ ಮೇಲಧಿಕಾರಿಯ ಗಮನಕ್ಕೂ ತಂದರೆ ಬಡ್ತಿಯ ಹೊತ್ತಿಗೆ ಅದು ದಾಖಲೆಯಾಗಿ ನೆರವಿಗೆ ಬರುತ್ತದೆ. ದೂರದಿಂದ ಕೆಲಸ ಮಾಡುವವರಿಗಂತೂ ಬರಹವೇ ಮುಖ್ಯ ದಾರಿ, ಕಾರಣ ದಾರಿಯಲ್ಲಿ ಸಿಕ್ಕಾಗ ಬೆನ್ನು ತಟ್ಟುವ ಅವಕಾಶ ಅಲ್ಲಿಲ್ಲ.

ಬಹುಮಾನ ಕೊಡುವ ಮೊದಲು

ಪ್ರಶಸ್ತಿ, ಉಡುಗೊರೆ, ನಗದು ಬಹುಮಾನ ಇವುಗಳ ವಿಷಯದಲ್ಲಿ ನಾನು ಜಾಗರೂಕತೆಯನ್ನು ಒತ್ತಿ ಹೇಳುತ್ತೇನೆ. ಎಡ್ವರ್ಡ್ ಡೆಸಿ 1971ರಲ್ಲಿ ವರದಿ ಮಾಡಿದ ಪ್ರಯೋಗಗಳಲ್ಲಿ, ಒಗಟು ಬಿಡಿಸಲು ಹಣ ಪಡೆದ ವಿದ್ಯಾರ್ಥಿಗಳ ಆಸಕ್ತಿ ಹಣ ನಿಂತ ಮೇಲೆ ಕುಗ್ಗಿತು. ಬಾಯಿಮಾತಿನ ಪ್ರಶಂಸೆ ಪಡೆದವರಲ್ಲಿ ಹಾಗಾಗಲಿಲ್ಲ. ತಿಮೋತಿ ಗಬ್ಲರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಪಾಠ ಕಲಿಸುವಂಥದ್ದು. ಬಟ್ಟೆ ಒಗೆಯುವ ಕೈಗಾರಿಕಾ ಘಟಕವೊಂದರಲ್ಲಿ, ತಪ್ಪದೆ ಹೊತ್ತಿಗೆ ಸರಿಯಾಗಿ ಬಂದವರಿಗೆ ತಿಂಗಳ ಕೊನೆಯಲ್ಲಿ ಚೀಟಿ ಎತ್ತಿ ಬಹುಮಾನ ಕೊಡುವ ವ್ಯವಸ್ಥೆ ಬಂದಿತು. ಕೆಲವರು ಅರ್ಹತೆ ಉಳಿದಿರುವವರೆಗೆ ಮಾತ್ರ ಸಮಯ ಪಾಲಿಸಿದರು, ಕೆಲವರು ನಿಯಮದ ಸಂದುಗಳನ್ನು ಹುಡುಕಿಕೊಂಡರು. ಎಲ್ಲಕ್ಕಿಂತ ಬೇಸರದ ಸಂಗತಿಯೆಂದರೆ, ಯಾರ ಒತ್ತಾಯವೂ ಇಲ್ಲದೆ ಮೊದಲಿನಿಂದಲೂ ಹೊತ್ತಿಗೆ ಸರಿಯಾಗಿ ಬಂದು ಚೆನ್ನಾಗಿ ದುಡಿಯುತ್ತಿದ್ದವರ ಉತ್ಸಾಹವೇ ಕುಂದಿತು. ವರ್ಷಗಟ್ಟಲೆ ಅವರು ಮಾಡಿಕೊಂಡು ಬಂದದ್ದನ್ನು ಯಾರೂ ಗಮನಿಸಿರಲಿಲ್ಲ, ಈಗ ಅದನ್ನೇ ಹೊಸದಾಗಿ ಮಾಡಿದವರಿಗೆ ಬಹುಮಾನ. ಹೊಸ ಪ್ರಶಸ್ತಿಯನ್ನು ಘೋಷಿಸುವ ಮುನ್ನ, ಆ ಗುಣ ಈಗಾಗಲೇ ಯಾರಲ್ಲಿದೆ, ಅವರಿಗೆ ಇದು ಹೇಗೆ ಕಾಣಿಸುತ್ತದೆ ಎಂದು ಯೋಚಿಸಿ.

ಪ್ರತಿಯಾಗಿ, ಕೆಲವರನ್ನೇ ಮೆಚ್ಚಿದರೆ ಉಳಿದವರು ಕುಗ್ಗಿಬಿಡುತ್ತಾರೆ ಎಂಬ ಭಯವೂ ಪೂರ್ತಿ ನಿಜವಲ್ಲ. ಕ್ರಿಸ್ಟಿಯಾನೆ ಬ್ರಾಡ್ಲರ್ ಮತ್ತು ಸಂಗಡಿಗರು 300ಕ್ಕೂ ಹೆಚ್ಚು ಮಂದಿಯನ್ನು ಮೂರು ಗಂಟೆಗಳ ದತ್ತಾಂಶ ದಾಖಲಿಸುವ ಕೆಲಸಕ್ಕೆ ತೆಗೆದುಕೊಂಡು ನಡೆಸಿದ ಪ್ರಯೋಗದಲ್ಲಿ, ಗುಂಪಿನ ಉತ್ತಮ ಮೂವರಿಗೆ ಮಾತ್ರ ಕೃತಜ್ಞತಾ ಕಾರ್ಡ್ ಕೊಟ್ಟಾಗ, ಕಾರ್ಡ್ ಸಿಗದವರೇ ಹೆಚ್ಚು ಸುಧಾರಿಸಿದರು. ಅದು ಕೆಲವು ಗಂಟೆಗಳ ಕೆಲಸ; ವರ್ಷಾನುಗಟ್ಟಲೆ ಒಟ್ಟಿಗಿರುವ ತಂಡದಲ್ಲಿ ಪ್ರತಿ ಸಲವೂ ಅದೇ ಮೂವರ ಹೆಸರು ಬಂದರೆ ಪರಿಣಾಮ ಬೇರೆಯಾಗುತ್ತದೆಂದು ನಾನು ನಂಬುತ್ತೇನೆ. “ತಿಂಗಳ ಉತ್ತಮ ಉದ್ಯೋಗಿ” ಎಂಬ ಫಲಕ ಸರದಿಯಂತೆ ಎಲ್ಲರಿಗೂ ಸುತ್ತತೊಡಗಿದ ದಿನವೇ ಅದರ ಬೆಲೆ ಮುಗಿಯಿತು. ಫಲಕ ಬೇಕೇಬೇಕೆಂದಿದ್ದರೆ ಯಾವ ಕೆಲಸಕ್ಕೆ ಎಂದು ಅದರ ಮೇಲೆ ಬರೆಯಿಸಿ.

ಸಂಬಳ ನ್ಯಾಯವಾಗಿರದ ಕಡೆ, ಓವರ್‌ಟೈಮ್‌ಗೆ ಹಣ ಕೊಡದ ಕಡೆ, ಒಬ್ಬರ ಮೇಲೆ ಮೂವರ ಕೆಲಸ ಹೇರಿದ ಕಡೆ ಮೆಚ್ಚುಗೆಯ ಮಾತು ಜನರ ಗಾಯಕ್ಕೆ ಉಪ್ಪು ಸವರುತ್ತದೆ. ಅಲ್ಲಿ ಮೊದಲು ಸರಿಪಡಿಸಬೇಕಾದದ್ದು ಅನ್ಯಾಯವನ್ನು. ಅದು ನಿಮ್ಮ ಕೈಯಲ್ಲಿಲ್ಲದಿದ್ದರೆ, ಅದನ್ನು ಒಪ್ಪಿಕೊಂಡು ಅವರ ಪರವಾಗಿ ಮೇಲಿನವರೊಡನೆ ಮಾತನಾಡುವುದೇ ನೀವು ತೋರಬಹುದಾದ ನಿಜವಾದ ಮೆಚ್ಚುಗೆ. ಹಾಗೆಯೇ, ತಂಡದವರು ಮಾಡಿದ ಕೆಲಸವನ್ನು ಮೇಲಿನ ಸಭೆಯಲ್ಲಿ ಮಂಡಿಸುವಾಗ ಅವರ ಹೆಸರನ್ನು ಹೇಳಿ, ಸಾಧ್ಯವಾದರೆ ಅವರೇ ಮಂಡಿಸಲಿ. ಎದುರಿಗೆ ಹೊಗಳಿ, ಮೇಲಿನವರ ಮುಂದೆ ಅದೇ ಕೆಲಸವನ್ನು ತನ್ನದೆಂದು ತೋರಿಸಿಕೊಳ್ಳುವವರ ಹೊಗಳಿಕೆಯನ್ನು ಯಾರೂ ಎರಡನೆಯ ಸಲ ನಂಬುವುದಿಲ್ಲ.

ಶುರುಮಾಡುವಾಗ

ಇಷ್ಟು ದಿನ ಸುಮ್ಮನಿದ್ದವರು ಒಂದು ಸೋಮವಾರ ಏಕಾಏಕಿ ಎಲ್ಲರನ್ನೂ ಹೊಗಳಲು ಆರಂಭಿಸಿದರೆ ಜನರಿಗೆ ಅನುಮಾನ ಬರುತ್ತದೆ. ಮೊದಲ ವಾರ ಬರೆದುಕೊಳ್ಳುವುದನ್ನಷ್ಟೇ ಮಾಡಿ. ಎರಡನೆಯ ವಾರ, ಬರೆದದ್ದರಲ್ಲಿ ನಿಮಗೆ ಪೂರ್ತಿ ಖಚಿತವಾಗಿರುವ ಒಂದನ್ನೋ ಎರಡನ್ನೋ ಆಯಾ ವ್ಯಕ್ತಿಗೆ ಹೇಳಿ. “ಇನ್ನು ಮುಂದೆ ನಾನು ಹೀಗೆ ಮಾಡುತ್ತೇನೆ” ಎಂದು ಘೋಷಿಸಬೇಡಿ. ಮೇಲಧಿಕಾರಿಯಾಗಿರಬೇಕೆಂದೂ ಇಲ್ಲ, ಪಕ್ಕದ ಮೇಜಿನವರಿಗೆ, ಬೇರೆ ವಿಭಾಗದವರಿಗೆ, ನಿಮ್ಮ ಮೇಲಧಿಕಾರಿಗೂ ಹೇಳಬಹುದು. ಮೇಲಿನವರಿಗೆ ಹೇಳುವಾಗ ಅದು ಮುಖಸ್ತುತಿಯಂತೆ ಕೇಳಿಸೀತೆಂಬ ಅಳುಕಿದ್ದರೆ, ಅವರ ಯಾವ ನಿರ್ಧಾರದಿಂದ ನಿಮ್ಮ ಕೆಲಸ ಹೇಗೆ ಸುಗಮವಾಯಿತು ಎಂಬುದಕ್ಕೆ ಮಾತನ್ನು ಸೀಮಿತಗೊಳಿಸಿ.

ನಿಮಗೆ ಯಾರಾದರೂ ಮೆಚ್ಚುಗೆ ಹೇಳಿದಾಗ “ಅದೇನು ದೊಡ್ಡದಲ್ಲ ಬಿಡಿ” ಎಂದು ತಳ್ಳಿಹಾಕುವ ಅಭ್ಯಾಸವಿದ್ದರೆ, ಅದನ್ನೂ ತಿದ್ದಿಕೊಳ್ಳಿ. ಹೇಳಿದವರು ನೋಡಿ, ಯೋಚಿಸಿ, ಹಿಂಜರಿಕೆಯನ್ನು ದಾಟಿ ಬಂದು ಹೇಳಿರುತ್ತಾರೆ. ನಾನು ತಪ್ಪಾಗಿ ಬೇರೊಬ್ಬರನ್ನು ಹೊಗಳಿದ ದಿನದ ಮರುದಿನ, ಆ ವರದಿ ಸಿದ್ಧಪಡಿಸಿದ ಸಹೋದ್ಯೋಗಿಯ ಬಳಿ ಹೋಗಿ ಕ್ಷಮೆ ಕೇಳಿ, ಮೊದಲಿನಿಂದ ಕೊನೆಯವರೆಗೆ ಓದಿಕೊಂಡು ಬಂದಿದ್ದ ಅದರ ಮೂರನೆಯ ಭಾಗದ ಬಗ್ಗೆ ಮಾತನಾಡಿದೆ. ಅವರು “ಆ ಭಾಗಕ್ಕೇ ನನಗೆ ಎರಡು ವಾರ ಹಿಡಿಯಿತು” ಎಂದು ಹೇಳಿ, ಪಕ್ಕದ ಕುರ್ಚಿಯನ್ನು ನನ್ನ ಕಡೆಗೆ ಎಳೆದರು.